ಕೂಗದೆ ಬಂದ ನವಿಲು

ಏಳು ಕಾಡುಗಳಿಗೆ ಗೂಡು ಮಾರುವ ನವಿಲೊಂದಿತ್ತು. "ನನಗಾಗಿ ನೇಯುವ ಯಾರೂ ನೋಯಬಾರದು" ಎಂದು ಅದು ಎಲ್ಲ ಕಾಡುಗಳಲ್ಲೂ ಮಾತು ಕೊಟ್ಟಿತ್ತು. ಮಾತು ನಡೆಯುತ್ತಿದೆಯೇ ಎಂದು ನೋಡಲು ತಾನೇ ತಿರುಗುತ್ತಿತ್ತು.

ಕೆರೆಯಂಚಿನ ಜಾಲಿಮರದಲ್ಲಿ ಗೀಜಗವೊಂದು ಆ ನವಿಲಿಗಾಗಿ ಗೂಡು ನೇಯುತ್ತಿತ್ತು. ಪಕ್ಕದ ಮರದಲ್ಲಿ ತಾಯಿಯಿಲ್ಲದ ಅದರ ಮರಿ ಹಸಿದು ಅಳುತ್ತಿದ್ದರೂ ಮೇಸ್ತ್ರಿ ಕಾಗೆ ಗೀಜಗವನ್ನು ಸಂಜೆಯವರೆಗೆ ಕೆಲಸದಿಂದ ಏಳಗೊಡುತ್ತಿರಲಿಲ್ಲ. ಆದರೆ ದೂರದ ಗುಡ್ಡದಲ್ಲಿ ನವಿಲಿನ ಕೂಗು ಕೇಳಿದೊಡನೆ ಕಾಗೆಯೇ, "ಹೋಗಪ್ಪಾ, ಮಗುವಿಗೆ ತಿನ್ನಿಸಿ ಬಾ" ಎನ್ನುತ್ತಿತ್ತು.

ಒಂದು ದಿನ ನವಿಲು ಬಂದು ಕೇಳಿತು: "ಗೀಜಗಪ್ಪಾ, ಇಲ್ಲಿ ಕಷ್ಟವೇನಾದರೂ ಇದೆಯೇ?"

ಗೀಜಗ ಕಾಗೆಯ ಕಡೆ ನೋಡಿ ಹೇಳಿತು: "ಇಲ್ಲ ಸ್ವಾಮಿ. ತಾವು ಬಂದ ದಿನ ಇಲ್ಲಿ ಯಾವ ಕಷ್ಟವೂ ಇರುವುದಿಲ್ಲ."

"ಕೇಳಿದಿರಾ ಬುದ್ಧೀ!" ಎಂದು ಕಾಗೆ ಹಿಗ್ಗಿತು.

ನವಿಲು ಹಿಗ್ಗಲಿಲ್ಲ. ಮರಳುವ ದಾರಿಯುದ್ದಕ್ಕೂ ಗೀಜಗದ ಆ ಮಾತನ್ನೇ ಯೋಚಿಸಿತು. ತನ್ನ ಕೂಗು ತನಗಿಂತ ಮೊದಲೇ ಬಂದು ಎಲ್ಲವನ್ನೂ ಸರಿಮಾಡಿಸಿಬಿಡುತ್ತದೆ ಎಂದು ಅದಕ್ಕೆ ಹೊಳೆಯಿತು.

ಮರುದಿನ ಅದು ಕೂಗದೆ, ಗರಿಗಳನ್ನು ಮಡಿಸಿಕೊಂಡು, ಹುಲ್ಲಿನ ನಡುವೆ ನಡೆದು ಬಂತು. ಮರಿ ಅಳುತ್ತಿತ್ತು. ತಂದೆ ನೇಯುತ್ತಿತ್ತು. "ಅತ್ತ ನೋಡಬೇಡ, ಎಳೆ ಬಿಗಿಮಾಡು" ಎಂದು ಕಾಗೆ ಗದರುತ್ತಿತ್ತು.

ನವಿಲನ್ನು ಕಂಡು ಕಾಗೆ ತಡವರಿಸಿತು: "ಬುದ್ಧೀ, ಇದು ಇವತ್ತೊಂದು ದಿನ..."

"ಸುಮ್ಮನಿರು ಕಾಗೆ. ಮಾತು ಕೊಟ್ಟವನು ನಾನು, ತಪ್ಪಿದವನೂ ನಾನೇ" ಎಂದಿತು ನವಿಲು. "ಗೀಜಗಪ್ಪಾ, ಮಗುವಿನ ಹತ್ತಿರ ಹೋಗು. ಇನ್ನು ನಿನ್ನನ್ನು ಯಾರೂ ತಡೆಯುವುದಿಲ್ಲ. ಗೂಡು ನಿಧಾನವಾಗಿ ಆಗಲಿ."

ಗೀಜಗ ವಂದಿಸಲೂ ನಿಲ್ಲದೆ, ಕೊಕ್ಕಿನ ಎಳೆಯನ್ನು ಅಲ್ಲೇ ಬಿಟ್ಟು ಹಾರಿತು. ಸ್ವಲ್ಪ ಹೊತ್ತಿಗೆ ಮರಿಯ ಅಳು ನಿಂತಿತು.