ಹಳದಿ ಕಾರಿನ ಇಂಜಿನ್

"ಗುರುಗಳೇ, ಜನರ ನಂಬಿಕೆ ಗಳಿಸಲು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಅವನು ಮೊದಲ ಪ್ರವಚನ ಮಾಡಿದ್ದ. ಇದೆಲ್ಲ ಧ್ಯಾನದಲ್ಲಿ ನನಗೇ ಹೊಳೆದದ್ದು ಎಂದಿದ್ದ. ಜನ ತಲೆದೂಗಿದ್ದರು. ಶ್ರಾವಣವಿಡೀ ಇವರನ್ನೇ ನಮ್ಮ ಊರಿಗೆ ಕಳಿಸಿ ಎಂದು ಪಕ್ಕದ ಊರಿನ ಹಿರಿಯರು ಕೇಳಿಕೊಂಡು ಹೋಗಿದ್ದರು. ಗುರುಗಳು ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ.

ಗುರುಗಳು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. "ಅಬ್ಬಾ, ದೊಡ್ಡ ಪ್ರಶ್ನೆಯನ್ನೇ ಕೇಳಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ಕಾಲದ ಓಟದ ಕಾರುಗಳನ್ನು ಕೊಂಡು ಮಾರುತ್ತಿದ್ದ. ಜಗತ್ತಿನಲ್ಲೇ ಹತ್ತೋ ಹನ್ನೆರಡೋ ಉಳಿದಿರುವಂಥ ಕಾರುಗಳು. ಒಂದೊಂದರ ಬೆಲೆಗೆ ಒಂದೊಂದು ಬಂಗಲೆ ಬರುತ್ತದೆ. ಅಷ್ಟು ದುಡ್ಡು ಅವನಪ್ಪ ಇಟ್ಟಿದ್ದನೇ? ಇಲ್ಲ. ಒಬ್ಬ ಸಾಹುಕಾರ ಪ್ರತಿ ಕಾರಿಗೂ ಬೆಲೆಯ ಮುಕ್ಕಾಲು ಪಾಲು ಸಾಲ ಕೊಡುತ್ತಿದ್ದ. ಉಳಿದ ಕಾಲು ಪಾಲು ವ್ಯಾಪಾರಿಯದು. ಮಾರುವವರೆಗೆ ಕಾರಿನ ಕಾಗದಪತ್ರ ಸಾಹುಕಾರನ ಪೆಟ್ಟಿಗೆಯಲ್ಲಿ. ಅಲ್ಲಿಯವರೆಗೆ ಕಾರು ನಿಂತಿರುತ್ತದೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಅದೇ ಊರಿನ ಒಬ್ಬ ಮುದುಕಿಯ ಬಳಿ ಒಂದು ಕೆಂಪು ಕಾರು ಇತ್ತು. ಅವಳ ಗಂಡ ಅದರಲ್ಲಿ ಪಂದ್ಯ ಗೆದ್ದಿದ್ದ. ಆ ಕಾರು ತನ್ನ ಅಂಗಡಿಗೆ ಬರಬೇಕು ಎಂದು ವ್ಯಾಪಾರಿ ಇಪ್ಪತ್ತು ವರ್ಷ ಆಸೆಪಟ್ಟಿದ್ದ. ಕೊನೆಗೂ ಮುದುಕಿ ಮಾರುತ್ತೇನೆ ಎಂದಳು. ವ್ಯಾಪಾರಿ ಹೇಗೋ ತನ್ನ ಕಾಲು ಪಾಲು ಹೊಂದಿಸಿಕೊಂಡ. ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಅದೇ ಖುಷಿಯಲ್ಲಿ ಅಂಗಡಿಯಲ್ಲಿದ್ದ ಹಳದಿ ಕಾರಿನ ಇಂಜಿನ್ ಒರೆಸಲು ಹೋದ. ಜಿಡ್ಡು ಹೋಯಿತು, ಅಡಿಯಲ್ಲಿದ್ದ ನಂಬರ್ ಕಂಡಿತು. ಅದು ಕಾಗದದಲ್ಲಿದ್ದ ನಂಬರ್ ಅಲ್ಲ! ಹುಟ್ಟಿದಾಗಿನ ಇಂಜಿನ್ ತೆಗೆದು ಯಾರೋ ಬೇರೆಯದನ್ನು ಕೂರಿಸಿದ್ದರು. ಅಂಥ ಕಾರಿಗೆ ಅರ್ಧ ಬೆಲೆ. ಅವನಿಗೇ ಯಾರೋ ಟೋಪಿ ಹಾಕಿದ್ದರು. ಆ ಕಾಗದವನ್ನೇ ನಂಬಿ ಸಾಹುಕಾರ ಪೂರ್ತಿ ಬೆಲೆಯ ಲೆಕ್ಕದಲ್ಲಿ ಸಾಲ ಕೊಟ್ಟಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಕೆಂಪು ಕಾರು ಸಿಗುತ್ತಿತ್ತು. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಸಾಹುಕಾರನ ಬಳಿ ಹೋಗಿ ಹೇಳಿಬಿಟ್ಟ.

"ಅಲ್ಲಯ್ಯಾ, ನೀನು ಹೇಳದಿದ್ದರೆ ನನಗೆ ಗೊತ್ತಾಗುತ್ತಿತ್ತೇ? ನನಗೆ ಬಾನೆಟ್ ಎತ್ತುವುದಕ್ಕೂ ಬರುವುದಿಲ್ಲ" ಎಂದ ಸಾಹುಕಾರ.

"ನನಗೆ ಗೊತ್ತಾಗಿಬಿಟ್ಟಿತಲ್ಲ, ಸಾಹುಕಾರರೇ."

ಸಾಹುಕಾರ ಬೆನ್ನು ತಟ್ಟಿದ. ತಟ್ಟಿದ ಕೈಯಲ್ಲೇ ಹೆಚ್ಚಿಗೆ ಕೊಟ್ಟಿದ್ದ ಸಾಲವನ್ನು ವಾಪಸ್ ಎಣಿಸಿಕೊಂಡ. ಸಾಹುಕಾರ ಸಾಹುಕಾರನೇ, ನಿನ್ನ ಮಾವನಲ್ಲ! ಹೊಂದಿಸಿಟ್ಟ ದುಡ್ಡೆಲ್ಲ ಅದಕ್ಕೇ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ವ್ಯಾಪಾರಿ ಮುದುಕಿಯ ಮನೆಗೆ ಹೋದ. ಕೊಳ್ಳಲು ಆಗುವುದಿಲ್ಲ ಎಂದು ಹೇಳುವಾಗ ಅವನ ಕಣ್ಣು ತುಂಬಿತ್ತು. ಆದರೆ ಇಂಜಿನ್ನಿನ ನಿಜವನ್ನು ಅವನೇ ಬಂದು ಹೇಳಿದ ಸುದ್ದಿ ಯಾರ ಹೊಟ್ಟೆಯಲ್ಲಿ ನಿಲ್ಲುತ್ತದೆ? ಹಿಂದಿನ ಸಂಜೆಯೇ ಸಾಹುಕಾರ ಇಡೀ ಪೇಟೆಗೆ ಸಾರಿಬಿಟ್ಟಿದ್ದ. ಮುದುಕಿ ಕಾರಿನ ಕೀ ತಂದು ಅವನ ಅಂಗೈಗೆ ಹಾಕಿದಳು.

"ಈಗ ದುಡ್ಡು ಕೇಳಿದವರು ಯಾರೋ? ಒಯ್ದು ನಿನ್ನ ಅಂಗಡಿಯಲ್ಲಿ ನಿಲ್ಲಿಸು. ಮಾರಿದ ಮೇಲೆ ನಿನ್ನ ಪಾಲು ಹಿಡಿದುಕೊಂಡು ನನ್ನದು ಕೊಡು. ಅದಕ್ಕೆ ಮೊದಲು ನನ್ನನ್ನು ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹೊಡೆ."

ಅವನು ಸುತ್ತು ಹೊಡೆದ. ಮುದುಕಿ ಸೆರಗು ಬಿಗಿದುಕೊಂಡು, "ಎತ್ತಿನ ಗಾಡಿಯೇನೋ ಇದು? ಜೋರಾಗಿ ಓಡಿಸೋ!" ಎಂದು ದಾರಿಯುದ್ದಕ್ಕೂ ಕೂಗಿದಳು. ಪೇಟೆಯವರು ಅಂಗಡಿ ಬಿಟ್ಟು ಬೀದಿಗೆ ಬಂದು ನಕ್ಕರು.

ವರ್ಷದೊಳಗೆ ಇನ್ನೂ ಆರು ಜನ ತಮ್ಮ ಕಾರುಗಳನ್ನು ಹಾಗೇ ತಂದು ನಿಲ್ಲಿಸಿದರು. ಸಾಲವಿಲ್ಲ, ಬಡ್ಡಿಯಿಲ್ಲ. ಅಂಗಡಿಯಲ್ಲಿ ಜಾಗವೂ ಇಲ್ಲ.

ಶಿಷ್ಯ ಮನಸಾರೆ ನಕ್ಕ. "ಹಳದಿ ಕಾರು ಏನಾಯಿತು, ಗುರುಗಳೇ?"

"ಅದಕ್ಕೊಂದು ಬೋರ್ಡು ತೂಗುಹಾಕಿದ: ಇದರ ಇಂಜಿನ್ ಬೇರೆ ಕಾರಿನದು. ಒಬ್ಬ ಅರ್ಧ ಬೆಲೆಗೆ ಕೊಂಡು ದಿನಾ ಓಡಿಸಿದ. ಚೆನ್ನಾಗಿಯೇ ಓಡಿತು."

ಗುರುಗಳು ಬಿಡಿಸಿದ ಕಡಲೆಬೀಜವನ್ನೆಲ್ಲ ಶಿಷ್ಯನ ಬೊಗಸೆಗೆ ಸುರಿದು ನಕ್ಕರು.

"ಈಗ ನೀನು ಹೇಳಪ್ಪಾ, ಬೆಳಗಿನ ಪ್ರವಚನದ ಇಂಜಿನ್ ಯಾರದು?"