ಮೆಂತ್ಯ ತಿಂದ ಕತ್ತೆಗೆ ಹದಿನೇಳು ಸಾಕ್ಷಿ

ಹೊಳೆ ದಂಡೆಯ ಮಠದಲ್ಲಿ ಮುರಗಯ್ಯ ಎಂಬ ಶಿಷ್ಯನಿದ್ದ. ಬರೆಯಲು ಕೂತರೆ ಅವನ ಕೈ ನಿಲ್ಲುತ್ತಿರಲಿಲ್ಲ, ಮಾತಿಗೆ ಕೂತರೆ ಬಾಯಿ ನಿಲ್ಲುತ್ತಿರಲಿಲ್ಲ.

ಅವನು ಮಠದ ಹಿತ್ತಲಲ್ಲಿ ಮೂರು ಪಾತಿ ಮೆಂತ್ಯ ಬೆಳೆದಿದ್ದ. ಒಂದು ಮುಂಜಾನೆ ಎದ್ದು ನೋಡಿದರೆ ಮೂರೂ ಪಾತಿ ಬೋಳು.

ಐದನೆಯ ದಿನ ಅವನು ಉದ್ದನೆಯ ಕಾಗದ ಹಿಡಿದು ಗುರುಗಳ ಮುಂದೆ ನಿಂತ. ಗುರುಗಳನ್ನು ಊರವರೆಲ್ಲ ಅಜ್ಜಾವರು ಎನ್ನುತ್ತಿದ್ದರು.

"ಅಜ್ಜಾರ, ಮುದ್ರಿ ಒತ್ತಿ ಕೊಡ್ರಿ. ಮೆಂತೆ ತಿಂದದ್ದು ಅಗಸರ ದುರಗಪ್ಪನ ಕತ್ತಿ. ಹದಿನೇಳು ಸಾಕ್ಷಿ ಬರದೀನ್ರಿ."

ಸೋಮವಾರ ಊರ ಹಿರಿಯರು ಸೇರುವವರಿದ್ದರು. ಮಠದ ಮುದ್ರೆ ಬಿದ್ದ ಕಾಗದಕ್ಕೆ ಅವರು ಎದುರಾಡಿದವರೇ ಅಲ್ಲ. ಮುದ್ರೆ ಬಿತ್ತೆಂದರೆ ಕತ್ತೆಯನ್ನು ಹೊಳೆಯಾಚೆ ಅಟ್ಟುವುದು, ದುರಗಪ್ಪ ಊರಿನ ಬಟ್ಟೆಯ ಗಂಟನ್ನೆಲ್ಲ ತನ್ನ ಬೆನ್ನಿನ ಮೇಲೆ ಹೊರುವುದು, ಇದು ಆಗಿಯೇ ಹೋದ ಮಾತು. ದುರಗಪ್ಪನಿಗೆ ಅರವತ್ತು ದಾಟಿತ್ತು.

"ದುರಗಪ್ಪ ಇದನ್ನ ಕೇಳ್ಯಾನೇನು?" ಎಂದರು ಅಜ್ಜಾವರು.

"ಅವನೇನ ಕೇಳೂದ್ರಿ?"

"ಈ ಮಠದ ಪದ್ಧತಿ ಮರತೀಯೇನು? ಯಾರ ಮ್ಯಾಲ ಬರದೀಯೋ ಅವರ ಮನಿ ಕಟ್ಟೀಮ್ಯಾಲ ಕುಂತು ಓದಿ ಬರಬೇಕು. ಆಮ್ಯಾಲ ಮುದ್ರಿ."

ಮುರಗಯ್ಯ ಹೋಗಿ ದುರಗಪ್ಪನ ಕಟ್ಟೆಯ ಮೇಲೆ ಕೂತು, ರಾಗ ಎಳೆದು ಓದಿದ. ಕತ್ತೆಯೂ ಪಕ್ಕದಲ್ಲಿ ನಿಂತು ಕೇಳಿತು.

ದುರಗಪ್ಪ ಕೈಕಟ್ಟಿ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಅಂದ: "ನಾ ಕತ್ತೀನ ಕಟ್ಟೇ ಮಲಗಿದ್ನಿರಿ ಅವತ್ತ. ಆದ್ರ ಇಷ್ಟ ಮಂದಿ ಹೇಳ್ಯಾರಂದ್ರ ನನಗೂ ಹಂಗ ಅನ್ನಿಸಾಕತ್ತೈತ್ರಿ, ಸ್ವಾಮ್ಯಾರ."

ಅಷ್ಟರಲ್ಲಿ ಕತ್ತೆ ಕತ್ತು ಚಾಚಿ ಕಾಗದದ ಕೊನೆಯನ್ನು ಹರಿದು ತಿಂದಿತು.

ಮುರಗಯ್ಯನಿಗೆ ಸಿಟ್ಟು ಬರಬೇಕಿತ್ತು, ಹಿಗ್ಗು ಬಂತು. ಓಡುತ್ತ ಮಠಕ್ಕೆ ಬಂದ.

"ಅಜ್ಜಾರ, ಹದಿನೆಂಟಾತ್ರಿ. ನನ್ನ ಕಣ್ಣ ಮುಂದನ ತಿಂತು."

"ಏನ ತಿಂತು?"

"ಕಾಗದರಿ."

"ಕಾಗದ ತಿಂತು ಅಂದ್ರ ಕಾಗದ ತಿಂತು. ಮೆಂತೆ ಯಾರು ತಿಂದ್ರು?"

ಮುರಗಯ್ಯ ಕೊನೆ ಹರಿದ ಕಾಗದವನ್ನು ತಿರುವಿ ತಿರುವಿ ನೋಡಿದ.

"ಉಳದ ಹದಿನೇಳು ಮಂದೀನ ಕೇಳಿ ಬಾ," ಎಂದರು ಅಜ್ಜಾವರು. "ಹೆಚ್ಚಿಗೇನೂ ಬ್ಯಾಡ. ಒಂದ ಮಾತು, ನಿನಗ ಹೆಂಗ ಗೊತ್ತಾತು ಅಂತ ಕೇಳು."

ಮುರಗಯ್ಯ ಮೊದಲು ಹೋದದ್ದು ನಿಂಗಜ್ಜಿಯ ಹತ್ತಿರ. ಕಣ್ಣಾರೆ ಕಂಡೆ ಎಂದವಳು ಅವಳೊಬ್ಬಳೇ. ಕಾಗದದಲ್ಲಿ ಅವಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದ.

"ಏನ ಕಂಡಿ, ಅಜ್ಜಿ?"

"ಕತ್ತಿ ಕಂಡೀನಿ."

"ಮೆಂತೆ ತಿನ್ನಾಕತ್ತಿತ್ತೇನು?"

"ನಾ ಕತ್ತಿ ನೋಡಾಕತ್ತಿದ್ನಿ. ಮೆಂತೆ ಯಾಕ ನೋಡ್ಲಿ?"

"ಎಲ್ಲಿ ನಿಂತಿತ್ತು?"

"ದುರಗಪ್ಪನ ಮನಿ ಮುಂದ. ಮತ್ತೆಲ್ಲಿ ನಿಲ್ಲತೈತಿ ಅದು?"

ಮುರಗಯ್ಯ ಆ ಹೆಸರು ಹೊಡೆದುಹಾಕಿ ಕಂಬಾರ ಮೌನೇಶನ ಕುಲುಮೆಗೆ ಹೋದ. ಮೌನೇಶನಿಗೆ ಬಳೆಗಾರ ಚಾಂದಸಾಬ ಹೇಳಿದ್ದನಂತೆ. ಚಾಂದಸಾಬನಿಗೆ ಬಳೆ ಇಡಿಸಿಕೊಳ್ಳುತ್ತ ಗಂಗವ್ವ ಹೇಳಿದ್ದಳು. ಗಂಗವ್ವನಿಗೆ ಅವಳ ನಾದಿನಿ, ನಾದಿನಿಗೆ ಗಾಣದ ಮನೆಯವರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು, ಹೇಗೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಓಣಿ ಓಣಿ ತಿರುಗಿ ಹದಿನಾರು ಹೆಸರು ಮುಗಿಯುವಾಗ ಮುರಗಯ್ಯನ ಕಾಲು ಸೋತಿದ್ದವು. ಎಲ್ಲರ ಮಾತೂ ಕೊನೆಗೆ ಬಂದು ನಿಂತದ್ದು ಹೂಗಾರ ಶಾಂತವ್ವನ ಬಾಗಿಲಲ್ಲಿ. ಮುರಗಯ್ಯನ ಜೀವ ಹಗುರಾಯಿತು. ಬೇರು ಸಿಕ್ಕಿತಲ್ಲ ಎಂದುಕೊಂಡ.

"ಶಾಂತವ್ವ, ಕತ್ತಿ ಮೆಂತೆ ತಿಂದದ್ದು ನಿನಗ ಹೆಂಗ ಗೊತ್ತಾತು?"

ಶಾಂತವ್ವ ಹೂವು ಕಟ್ಟುವುದನ್ನು ಬಿಟ್ಟು ಅವನ ಮುಖವನ್ನೇ ನೋಡಿದಳು.

"ನೀವ ಹೇಳಿದ್ರಲ್ಲರಿ. ಅವತ್ತ ಮುಂಜಾನೆ ಹೂ ಕೊಡಾಕ ಬಂದಾಗ ಹಣಿ ಬಡಕೊಂಡು ಹೇಳಿದ್ರಿ, ಆ ಕತ್ತೀದ ಕೆಲಸ ಇದು ಅಂತ."

ಮುರಗಯ್ಯ ಮಠಕ್ಕೆ ಬರುವ ದಾರಿಯುದ್ದಕ್ಕೂ ನೆಲ ನೋಡುತ್ತ ಬಂದ. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

"ಎಷ್ಟು ಸಾಕ್ಷಿ ಉಳದ್ವು?" ಎಂದರು ಅಜ್ಜಾವರು.

"ಒಂದರಿ. ನಾನ."

"ನೀ ನೋಡೀಯೇನು?"

"ಇಲ್ರಿ."

ಅಜ್ಜಾವರು ಸ್ನಾನಕ್ಕೆ ಹೊಳೆಗೆ ಇಳಿದರು.

ಮರುದಿನ ಮುರಗಯ್ಯ ಇನ್ನೂ ಉದ್ದದ ಕಾಗದ ತಂದ. ದುರಗಪ್ಪನ ಮುಖ ನೆನೆದು ಅವನಿಗೆ ನಿದ್ದೆ ಬಂದಿರಲಿಲ್ಲ.

"ಅಜ್ಜಾರ, ಕತ್ತೀದು ಏನೂ ತಪ್ಪಿಲ್ಲ ಅಂತ ಬರದೀನ್ರಿ. ಅಂಥಾ ಸಾಧು ಪ್ರಾಣಿ ಈ ಸೀಮ್ಯಾಗ ಇನ್ನೊಂದಿಲ್ಲ."

"ಸಾಕ್ಷಿ?"

"ಅದರ ಕಣ್ಣು ನೋಡಿದ್ರ ಗೊತ್ತಾಗತೈತ್ರಿ."

ಅಜ್ಜಾವರು ನಕ್ಕರು. ಕಾಗದ ತೆಗೆದುಕೊಂಡು, ಬರೆದ ಭಾಗವನ್ನೆಲ್ಲ ಹರಿದು, ಕೆಳಗೆ ಖಾಲಿ ಉಳಿದಿದ್ದ ನಾಲ್ಕು ಬೆರಳಿನಷ್ಟು ತುಂಡನ್ನು ಅವನ ಕೈಗೆ ಕೊಟ್ಟರು.

"ನಿನಗ ಗೊತ್ತಿರೂದನ್ನ ಬರಿ. ಇದರಾಗ ಹಿಡೀತೈತಿ."

ಮುರಗಯ್ಯ ಮಧ್ಯಾಹ್ನದವರೆಗೆ ಕೂತು ಮೂರು ಸಾಲು ಬರೆದ. ಅಜ್ಜಾವರು ಮರುಮಾತಿಲ್ಲದೆ ಮುದ್ರೆ ಒತ್ತಿದರು.

ಸೋಮವಾರ ಬೇವಿನ ಕಟ್ಟೆಯ ಸುತ್ತ ಊರೇ ನೆರೆದಿತ್ತು. ದುರಗಪ್ಪ ಕತ್ತೆಯ ಹಗ್ಗ ಹಿಡಿದು ಒಂದು ಮೂಲೆಯಲ್ಲಿ ನಿಂತಿದ್ದ. ಮುರಗಯ್ಯ ಎದ್ದು ಓದಿದ:

"ನನ್ನ ಮೆಂತ್ಯ ಹೋಗಿದೆ. ಯಾರು ತಿಂದರೋ ನಾನು ನೋಡಿಲ್ಲ. ಕತ್ತೆ ತಿಂದಿತು ಎಂದು ಊರಿಗೆ ಮೊದಲು ಹೇಳಿದವನು ನಾನೇ."

ಮೊದಲು ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಊರೆಲ್ಲ ನಕ್ಕಿತು. ಮುರಗಯ್ಯ ಕಿವಿ ಕೆಂಪಗೆ ಮಾಡಿಕೊಂಡು ನಿಂತೇ ಇದ್ದ.

"ಹಂಗಾದ್ರ ಕತ್ತಿ ಊರಾಗ ಇರ್ಲಿ," ಎಂದರು ಹಿರಿಯ ಗೌಡರು.

ದುರಗಪ್ಪ ಕತ್ತೆಯ ಕೊರಳು ತಬ್ಬಿಕೊಂಡು ಕಣ್ಣು ಒರೆಸಿಕೊಂಡ.

ಎದ್ದು ಹೋಗುವ ಮಂದಿ ಮಾತ್ರ ತಮ್ಮತಮ್ಮಲ್ಲೇ ಅಂದುಕೊಳ್ಳುತ್ತಿದ್ದರು: "ಏನ ಅಂದ್ರೂ ಕತ್ತೀನ ತಿಂದಿರಬೇಕು ಬಿಡು."

ಮಠಕ್ಕೆ ಮರಳುವ ದಾರಿಯಲ್ಲಿ ಮುರಗಯ್ಯನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ನೀವು ತಿಳದವರು. ನನ್ನೊಬ್ಬನ ಮುಂದ ಹೇಳ್ರಿ. ಖರೇನ ಮೆಂತೆ ತಿಂದದ್ದು ಯಾರು?"

ಅಜ್ಜಾವರು ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು.

"ನನಗ ಗೊತ್ತಿಲ್ಲಪ. ಬೇಕಾದ್ರ ಅದಕ್ಕ ನಾ ಸಾಕ್ಷಿ ಹೇಳತೀನಿ."