ಹುಲಿಗೆವ್ವನ ಕೈ ಜುಮ್ಮೆಂದದ್ದು

ತುಂಗಭದ್ರೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಮಂತ್ರಕ್ಕಿಂತ ಗರಗಸದ ಸದ್ದೇ ಜಾಸ್ತಿ. ತೊಟ್ಟಿಲು ಮಾಡಿ ಸುತ್ತಲ ಊರಿಗೆಲ್ಲ ಕಳಿಸುತ್ತಿದ್ದರು.

ಗರಗಸದ ಮಿಷನ್ನು ಮುತ್ತಜ್ಜನ ಕಾಲದ್ದು. ಅದರ ಕರೆಂಟಿನ ಮರ್ಮ ಬಲ್ಲವರು ಅಡವಯ್ಯ ಗುರುಗಳು. ಅವರ ಕೈಕೆಳಗೆ ಮೂರು ವರ್ಷದಿಂದ ಕಲಿಯುತ್ತಿದ್ದವನು ಕೊಟ್ರೇಶಿ.

ಮಿಷನ್ನು ನಡೆಸುವವಳು ಹುಲಿಗೆವ್ವ. ಅನ್ನ ಕೊಡುವ ಮಿಷನ್ನು ಅಂತ ಅದಕ್ಕೆ ದಿನಾ ವಿಭೂತಿ ಹಚ್ಚುವಳು. ಚಪ್ಪಲಿ ಹೊಸ್ತಿಲಾಚೆ ಬಿಟ್ಟೇ ಒಳಗೆ ಬರುವಳು.

ಒಂದು ದಿನ ಅವಳು ಕೊಟ್ರೇಶಿಗೆ ಹೇಳಿದಳು. "ತಮ್ಮಾ, ಮಿಷನ್ನು ಮುಟ್ಟಿದರ ಕೈ ಜುಮ್ ಅಂತೈತಿ."

ಕೊಟ್ರೇಶಿ ಬಂದ. ಮಿಷನ್ನಿನ ಮೇಲೆ ಅಂಗೈ ಇಟ್ಟ. "ಏನೂ ಇಲ್ಲಲ್ಲಬೇ."

ಮರುದಿನ ಮತ್ತೆ ಹೇಳಿದಳು. ಮತ್ತೆ ಅಂಗೈ ಇಟ್ಟ. ಏನೂ ಇಲ್ಲ.

ಮೂರನೆಯ ದಿನ ನೋಡಿ, ನಕ್ಕೇಬಿಟ್ಟ. "ವಯಸ್ಸಾತು ಯವ್ವಾ. ಕೈ ಜೋಮು ಹಿಡಿದಿರಬೇಕು. ಎಣ್ಣೆ ತಿಕ್ಕಿಕೋ."

ಹುಲಿಗೆವ್ವ ನಗಲಿಲ್ಲ. ಸೀದಾ ಹೊಳೆಗೆ ನಡೆದಳು. ಅಲ್ಲಿ ಪಂಚೆ ಒಗೆಯುತ್ತಿದ್ದ ಗುರುಗಳಿಗೆ ಹೇಳಿದಳು.

ಗುರುಗಳು ಒಗೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದರು.

"ಕೊಟ್ರೇಶಿ, ನೀ ಮಿಷನ್ನು ಮುಟ್ಟಿದಾಗ ಕಾಲಾಗ ಏನಿತ್ತು?"

"ಟೈರಿನ ಚಪ್ಪಲಿ. ಬರಿಗಾಲಲ್ಲಿ ಕರೆಂಟಿನ ಹತ್ರ ಹೋಗಬ್ಯಾಡ ಅಂತ ನೀವೇ ಕಲಿಸಿದ್ರಿ."

"ನಿನಗ ಕಲಿಸಿದೆ. ಆಕಿಗೆ ಕಲಿಸಲಿಲ್ಲ. ಅದು ನನ್ನ ತಪ್ಪು."

ಎಲ್ಲರನ್ನೂ ದೂರ ಸರಿಸಿ, ಗುರುಗಳು ಒಂದು ಸಣ್ಣ ಬಲ್ಬು ತಂದರು. ಅದರ ಒಂದು ತಂತಿಯನ್ನು ಹುಲಿಗೆವ್ವ ದಿನಾ ನಿಲ್ಲುವ ಹಸಿ ನೆಲಕ್ಕೆ ಊರಿದರು. ಇನ್ನೊಂದನ್ನು ಮಿಷನ್ನಿನ ಕಬ್ಬಿಣಕ್ಕೆ ತಾಗಿಸಿದರು.

ಬಲ್ಬು ಕೆಂಪಗೆ ಹತ್ತಿತು.

ಕೊಟ್ರೇಶಿ ಬಲ್ಬಿನತ್ತ ಬಾಗಿ ನೋಡಿದ. "ಇದು ಆಕಿ ಮೈಯಾಗ ಹರೀತಿತ್ತಾ?"

"ಹೂಂ. ನೀ ಎಣ್ಣೆ ತಿಕ್ಕಿಕೋ ಅಂದಾಗೂ."

ಕೊಟ್ರೇಶಿ ಮೇನ್ ಸ್ವಿಚ್ಚು ಆರಿಸಿದ. ಮಂಡಿಯೂರಿ ಹುಡುಕಿದ. ಮೋಟಾರಿನ ಬಾಯಲ್ಲಿ, ಬಟ್ಟೆ ಸುತ್ತಿದ್ದ ಹಳೆಯ ತಂತಿ ಅದುರಿ ಅದುರಿ ಸವೆದು ಕಬ್ಬಿಣಕ್ಕೆ ತಾಗಿತ್ತು. ಸೋರಿದ ಕರೆಂಟನ್ನು ಭೂಮಿಗೆ ಇಳಿಸಬೇಕಾದ ಅರ್ತಿಂಗ್ ತಂತಿಯೋ, ಯಾವ ಕಾಲದಲ್ಲಿ ತುಂಡಾಗಿತ್ತೋ, ಮರದ ಹೊಟ್ಟಿನಡಿ ಹೂತು ಹೋಗಿತ್ತು.

ಎರಡನ್ನೂ ಹೊಸದಾಗಿ ಹಾಕಿದ. ಮಿಷನ್ನು ಚಾಲೂ ಮಾಡಿ ಬಲ್ಬು ಹಿಡಿದ. ಹತ್ತಲಿಲ್ಲ.

ಆಮೇಲೆ ತನ್ನ ಚಪ್ಪಲಿ ಬಿಟ್ಟ. ಅವಳು ನಿಲ್ಲುವಲ್ಲೇ ಬರಿಗಾಲಲ್ಲಿ ನಿಂತು ಅಂಗೈ ಇಟ್ಟ. ಗುರುಗಳು ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು.

ಏನೂ ಆಗಲಿಲ್ಲ.

"ಬಾ ಯವ್ವಾ," ಅಂದ.

ಹುಲಿಗೆವ್ವ ಮುಟ್ಟಿ ನೋಡಿದಳು. "ಸುಮ್ಮನಾಗೈತಿ. ನನ್ನ ಜೋಮು ಇದಕ್ಕೂ ಹತ್ತಿತ್ತೇನೋ, ಪಾಪ."

ಕೊಟ್ರೇಶಿಗೆ ನಗು ಬರಲಿಲ್ಲ. ಬಾಗಿ ಅವಳ ಕಾಲು ಮುಟ್ಟಿದ. "ನಾ ನಕ್ಕೆ. ಆದ್ರೂ ನೀ ಹೇಳೋದು ಬಿಡಲಿಲ್ಲ."

"ಏಳಪ್ಪಾ ಏಳು. ತೊಟ್ಟಿಲು ಹಂಗೇ ಬಿದ್ದಾವ."

"ಹುಲಿಗೆವ್ವಾ, ಇನ್ನ ಮ್ಯಾಲೆ ಚಪ್ಪಲಿ ಮೆಟ್ಟಿಕೊಂಡೇ ನಿಲ್ಲು," ಅಂದರು ಗುರುಗಳು.

"ಅನ್ನ ಕೊಡೋದರ ಮುಂದ ಚಪ್ಪಲಿನಾ?"

"ಉಣ್ಣೋಕೆ ನೀ ಇರಬೇಕಲ್ಲ."

ಸಂಜೆ ಕೊಟ್ರೇಶಿ ಗುರುಗಳ ಪಕ್ಕ ಬಂದು ಕೂತ.

"ಗುರುಗಳೇ, ಆಕಿ ಉಳಿದದ್ದು ನನ್ನ ಪುಣ್ಯ. ನೀವು ಮಾಡಿದ ಇಷ್ಟು ದೊಡ್ಡ ಉಪಕಾರಕ್ಕ ನಾ ಏನು ಮಾಡಲಿ?"

"ನಾಳೆ ಮತ್ತೆಲ್ಲಾದರೂ ಜುಮ್ ಅಂದರ, ಆಕಿ ಮೊದಲು ನಿನಗೇ ಬಂದು ಹೇಳೋಹಂಗ ಇರು."